ಬೆಳಗಿನ ಬಿಗಿತ: ಎಷ್ಟು ಹೊತ್ತು ಇರುತ್ತದೆ?

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳಿಂದ ಬೆಳಿಗ್ಗೆ ಆರಕ್ಕೆ ಎದ್ದಾಗ ಎರಡೂ ಕೈಯ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸುವುದೂ ಕಷ್ಟ. ಎಂಟೂವರೆ ಹೊತ್ತಿಗೆ ತಾನಾಗಿ ಸಡಿಲವಾಗುತ್ತದೆ. ನಮ್ಮತ್ತೆಗೂ ಬೆಳಿಗ್ಗೆ ಮಂಡಿ ಹಿಡಿದುಕೊಳ್ಳುತ್ತದೆ, ಆದರೆ ಬಚ್ಚಲುಮನೆಗೆ ಹೋಗಿ ಬರುವಷ್ಟರಲ್ಲಿ ಸಲೀಸಾಗುತ್ತದೆ. ರಾತ್ರಿಯೆಲ್ಲ ಸುಮ್ಮನಿದ್ದ ಕೀಲು ಬೆಳಿಗ್ಗೆಯೇ ಏಕೆ ಬಿಗಿಯುತ್ತದೆ? ನಮ್ಮಿಬ್ಬರದೂ ಒಂದೇ ತೊಂದರೆಯೇ? ಡಾಕ್ಟರಿಗೆ ತೋರಿಸಬೇಕೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಒಂದೇ ಇರಲಾರದು. ನಿಮ್ಮ ಬಿಗಿತ ಎರಡೂವರೆ ಗಂಟೆ ಇರುತ್ತದೆ, ಅತ್ತೆಯವರದು ಕೆಲವೇ ನಿಮಿಷ. ಡಾಕ್ಟರ್ ಮೊದಲು ಕೇಳುವುದೂ ಇದನ್ನೇ, ಏಕೆಂದರೆ ನೋವು ಎಷ್ಟಿದೆ ಎನ್ನುವುದಕ್ಕಿಂತ ಬಿಗಿತ ಎಷ್ಟು ಹೊತ್ತು ಇರುತ್ತದೆ ಎನ್ನುವುದು ಹೆಚ್ಚಿನ ಸುಳಿವು ಕೊಡುತ್ತದೆ. ಅರ್ಧ ಗಂಟೆಯೊಳಗೆ ಬಿಟ್ಟರೆ ಸಾಮಾನ್ಯವಾಗಿ ಅದು ಸವೆತ. ಒಂದು ಗಂಟೆ ದಾಟಿದರೆ ಕೀಲಿನೊಳಗೆ ಉರಿಯೂತ ಇದೆಯೇ ಎಂದು ನೋಡಲೇಬೇಕು. ಪತ್ರ ಓದಿ ಕಾಯಿಲೆ ಇಂಥದ್ದೇ ಎಂದು ಹೇಳಲಾಗದು. ಆದರೆ ನೀವು ತಡಮಾಡದೆ ತೋರಿಸಿಕೊಳ್ಳಬೇಕು ಎನ್ನುವುದನ್ನಂತೂ ಹೇಳಬಹುದು.

ಇನ್ನು ಬೆಳಿಗ್ಗೆಯೇ ಏಕೆ ಎಂಬ ಪ್ರಶ್ನೆ. ರಾತ್ರಿಯೆಲ್ಲ ಸುಮ್ಮನಿದ್ದದ್ದೇ ಅದಕ್ಕೆ ಕಾರಣ. ಕೀಲಿನಲ್ಲಿ ಮೂಳೆಯ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ, ನಡುವೆ ಲೋಳೆಯಂಥ ದ್ರವವಿದೆ. ಕೀಲು ಆಡುತ್ತಿದ್ದರೆ ಈ ದ್ರವ ಎಲ್ಲ ಕಡೆ ಹರಡಿಕೊಳ್ಳುತ್ತದೆ. ಬಹಳ ಹೊತ್ತು ಕದಲದಿದ್ದರೆ ಸವೆದ ಕೀಲು ಮತ್ತೆ ಸರಾಗವಾಗಲು ಕೆಲವು ನಿಮಿಷ ಬೇಕಾಗುತ್ತದೆ. ಉರಿಯೂತ ಇರುವವರಲ್ಲಿ ಇನ್ನೂ ಎರಡು ಕಾರಣಗಳು ಸೇರುತ್ತವೆ. ಕೀಲಿನ ಒಳಪೊರೆ ಊದಿ ನೀರು ತುಂಬಿಕೊಳ್ಳುತ್ತದೆ. ಹಗಲಿನ ಓಡಾಟದಲ್ಲಿ ಅದು ಅಷ್ಟಿಷ್ಟು ಹೊರಗೆ ಹೋಗುತ್ತಿರುತ್ತದೆ, ರಾತ್ರಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ಉರಿಯೂತವನ್ನು ಕೆರಳಿಸುವ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳು ಅವರ ರಕ್ತದಲ್ಲಿ ಬೆಳಗಿನ ಜಾವ ಏರುತ್ತವೆ. ಅವನ್ನು ಹತ್ತಿಕ್ಕಬೇಕಾದ ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರಾ ತಗ್ಗಿರುತ್ತದೆ.

ಅತ್ತೆಯವರದು ಬಹುಶಃ ಮಂಡಿ ಸವೆತ. ಮೆಟ್ಟಿಲು ಇಳಿಯುವಾಗ, ನೆಲದ ಮೇಲೆ ಕೂತು ಏಳುವಾಗ ನೋವು, ಮಡಚಿದರೆ ಕರಕರ ಸದ್ದು, ಟಿವಿ ಮುಂದೆ ಒಂದು ತಾಸು ಕೂತು ಎದ್ದರೂ ಬಿಗಿತ – ಇವು ಅದರ ಗುರುತು. ಇದಕ್ಕೆ ಮುಖ್ಯ ಮದ್ದು ತೊಡೆಯ ಸ್ನಾಯುಗಳನ್ನು ಗಟ್ಟಿ ಮಾಡುವುದು. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸುವ ವ್ಯಾಯಾಮವನ್ನು ಬೆಳಿಗ್ಗೆ ಸಂಜೆ ಮಾಡಲಿ. ತೂಕ ಹೆಚ್ಚಿದ್ದರೆ ಇಳಿಸಲಿ: 1 ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆಜಿ ಕಡಿಮೆಯಾಗುತ್ತದೆ. ನಡೆಯುವುದನ್ನು ಮಾತ್ರ ಬಿಡಬಾರದು.

ನಿಮ್ಮ ವಿಷಯದಲ್ಲಿ ಮೊದಲು ಪರೀಕ್ಷಿಸಬೇಕಾದ್ದು ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಯಲ್ಲಿ ಬೆರಳ ಬುಡದ ಮತ್ತು ನಡುವಿನ ಗೆಣ್ಣುಗಳು, ಮಣಿಕಟ್ಟು ಊದಿಕೊಳ್ಳುತ್ತವೆ. ಉಗುರಿನ ಪಕ್ಕದ ಗೆಣ್ಣನ್ನು ಇದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೆಳಿಗ್ಗೆ ಮುಷ್ಟಿ ಹಿಡಿದು ನೋಡಿ: ಬುಡದ ಗೆಣ್ಣುಗಳ ನಡುವೆ ಕಾಣಬೇಕಾದ ತಗ್ಗು ಊತದಲ್ಲಿ ಮುಚ್ಚಿಹೋಗಿದೆಯೇ? ಯಾರಾದರೂ ಕೈ ಕುಲುಕಿದರೆ ಅಲ್ಲಿ ನೋಯುತ್ತದೆಯೇ? ಹಾಗಿದ್ದರೆ ಅನುಮಾನ ಬಲವಾಗುತ್ತದೆ. ಇಂಥ ಬಿಗಿತ ಆರು ವಾರ ದಾಟಿದರೆ ಕಾಯುವಂತಿಲ್ಲ, ನಿಮಗೆ ಆಗಲೇ ದಾಟಿದೆ. ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಒಮ್ಮೆ ಸೊಟ್ಟಗಾದ ಮೇಲೆ ಮಾತ್ರೆ ಅದನ್ನು ನೆಟ್ಟಗೆ ಮಾಡಲಾರದು.

ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ ಪರೀಕ್ಷೆ ಮಾಡಿಸುತ್ತಾರೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ, ಪಾಸಿಟಿವ್ ಬಂದವರಿಗೆಲ್ಲ ಇದೆ ಎಂದೂ ಅಲ್ಲ. ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮಾತ್ರೆ ಮೆಥೋಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಕೈ ಬಿಗಿಯಲು ಬೇರೆ ಕಾರಣಗಳೂ ಇವೆ. ಚಿಕುನ್‌ಗುನ್ಯ ಬಂದುಹೋದವರಿಗೆ ತಿಂಗಳುಗಟ್ಟಲೆ ಕೀಲು ಹಿಡಿದುಕೊಳ್ಳುವುದುಂಟು. 2006ರಲ್ಲಿ ಅದು ಕರ್ನಾಟಕದಲ್ಲಿ ಹಬ್ಬಿದಾಗ ಇದನ್ನು ಅನುಭವಿಸಿದವರು ಬಹಳ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಬೆರಳ ಚರ್ಮ, ಸ್ನಾಯುರಜ್ಜು ಪೆಡಸಾಗುತ್ತವೆ. ಅಂಥವರು ಕೈ ಮುಗಿದರೆ ಎರಡೂ ಅಂಗೈ ಪೂರ್ತಿ ಕೂಡುವುದಿಲ್ಲ, ಬೆರಳುಗಳ ನಡುವೆ ಸಂದು ಉಳಿಯುತ್ತದೆ. ಭುಜ ಹಿಡಿದುಕೊಂಡು ಕೈಯನ್ನು ಬೆನ್ನ ಹಿಂದೆ ಒಯ್ಯಲಾಗದಿರುವುದೂ ಸಕ್ಕರೆ ಕಾಯಿಲೆಯವರಲ್ಲೇ ಹೆಚ್ಚು. ಥೈರಾಯ್ಡ್ ಕಡಿಮೆಯಾದರೂ ಮೈಕೈ ಬಿಗಿಯುತ್ತದೆ. ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ ಮೂರು ತಿಂಗಳು ಮೀರಿ ಬೆಳಿಗ್ಗೆ ಸೊಂಟ ಹಿಡಿದುಕೊಳ್ಳುತ್ತಿದ್ದು, ಮಲಗಿದರೆ ಹೆಚ್ಚಿ ಓಡಾಡಿದರೆ ಕಡಿಮೆಯಾಗುತ್ತಿದ್ದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು. ಅದನ್ನೂ ತೋರಿಸಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಮರುದಿನದವರೆಗೂ ಕಾಯಬಾರದು. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಿದ್ದು, ಜ್ವರವೂ ಬಂದರೆ ಒಳಗೆ ಕೀವು ತುಂಬುತ್ತಿರಬಹುದು. ಯೂರಿಕ್ ಆಮ್ಲದ ಗೌಟ್‌ನಲ್ಲೂ ಕೀಲು ಹೀಗೆಯೇ ಕಾಣುತ್ತದೆ. ಆದರೆ ಯಾವುದು ಎಂದು ತೀರ್ಮಾನಿಸಲು ಕೀಲಿನ ನೀರು ತೆಗೆದು ನೋಡಬೇಕು, ಅದು ಆಸ್ಪತ್ರೆಯ ಕೆಲಸ. ಬಿದ್ದು ಪೆಟ್ಟಾದ ಮೇಲೆ ಕಾಲೂರಲು ಆಗದಿದ್ದರೂ ಅಂದೇ ಹೋಗಬೇಕು.

ತೋರಿಸುವವರೆಗೆ ಬೆಳಿಗ್ಗೆ ಬೆಚ್ಚಗಿನ ನೀರಲ್ಲಿ ಕೈ ಇಟ್ಟು ಬೆರಳುಗಳನ್ನು ನಿಧಾನವಾಗಿ ಆಡಿಸಿ. ನೋವಿನ ಮಾತ್ರೆಯನ್ನು ನೀವೇ ಕೊಂಡು ವಾರಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಟ್ಟದ್ದು. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ನೋವು ಮಾಯ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವವಿದೆ. ಅದರಿಂದ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ‘ವಾಯು’ ಎಂದು ಆಲೂಗಡ್ಡೆ, ಬೇಳೆ ಬಿಟ್ಟು ಊಟ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಉರಿಯೂತದ ಅನುಮಾನಕ್ಕೆ ಮೂಳೆ ಡಾಕ್ಟರಿಗಿಂತ ರುಮಟಾಲಜಿಸ್ಟ್ ಸರಿ. ಹತ್ತಿರದಲ್ಲಿ ಇಲ್ಲದಿದ್ದರೆ ಮೊದಲು ಫಿಜಿಷಿಯನ್‌ಗೆ ತೋರಿಸಿ. ಹೋಗುವ ಮುಂಚೆ ಎದ್ದ ಕೂಡಲೇ ಊದಿದ ಕೈಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಹನ್ನೊಂದು ಗಂಟೆಗೆ ನಿಮ್ಮ ಸರದಿ ಬರುವಷ್ಟರಲ್ಲಿ ಊತ ಇಳಿದಿರಬಹುದು, ಆಗ ಡಾಕ್ಟರಿಗೆ ತೋರಿಸಲು ಆ ಫೋಟೊ ಬೇಕಾಗುತ್ತದೆ.