ಸ್ವಹಸ್ತದಿಂದ ಕಟ್ಟಿದ ಸಿಂಥಸೈಜರ್ ಹಾಗೂ ಅದರ ತಂತಿಗಳ ವ್ಯವಸ್ಥೆ

ವಾದ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವೀಣೆ, ಪಿಟೀಲು, ಹಾರ್ಮೋನಿಯಂ. ಇವುಗಳ ಅಂಗಾಂಗಗಳೆಲ್ಲ ಒಂದಕ್ಕೊಂದು ಶಾಶ್ವತವಾಗಿ ಕೂಡಿಕೊಂಡಿರುತ್ತವೆ. ಹಾರ್ಮೋನಿಯಮ್ಮಿನ ತಿದಿಯನ್ನು ಬಿಚ್ಚಿ ಬೇರೆಡೆ ಜೋಡಿಸಿ ಹೊಸ ನಾದವನ್ನು ಪಡೆಯುವೆನೆಂದು ಯಾರೂ ಹೊರಡುವುದಿಲ್ಲ. ಮಾಡ್ಯುಲರ್ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ರೀತಿಯೇ ಬೇರೆ. ಅದರಲ್ಲಿ ನಾದವನ್ನು ಹುಟ್ಟಿಸುವ ಘಟಕ ಒಂದು, ಹುಟ್ಟಿದ ನಾದವನ್ನು ಸೋಸುವ ಘಟಕ ಇನ್ನೊಂದು, ಅದರ ಏರಿಳಿತವನ್ನು ನಿಯಂತ್ರಿಸುವುದು ಮತ್ತೊಂದು. ಎರಡು ತುದಿಗಳಲ್ಲಿಯೂ ಪ್ಲಗ್ ಇರುವ ಗಿಡ್ಡ ತಂತಿಗಳಿಂದ ಇವನ್ನು ಕೂಡಿಸುವವನು ನುಡಿಸುವವನೇ. ಈ ಕೂಡಿಕೆಗೆ ಪ್ಯಾಚ್ ಎಂದು ಹೆಸರು. ತಂತಿಗಳನ್ನು ಕಿತ್ತರೆ ವಾದ್ಯವು ಉಳಿಯುತ್ತದೆ. ಅದು ನುಡಿದ ನಾದವು ಉಳಿಯುವುದಿಲ್ಲ. ಆದಕಾರಣ ಇದನ್ನು ಮನೆಯಲ್ಲಿ ಕಟ್ಟಬಯಸುವವರು ಸೋಲ್ಡರಿಂಗಿಗೆ ಕೊಡುವಷ್ಟೇ ಗಮನವನ್ನು ತಂತಿಗಳ ವ್ಯವಸ್ಥೆಗೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ರಾಬರ್ಟ್ ಮೂಗ್ ಎಂಬ ಅಮೆರಿಕದ ತಂತ್ರಜ್ಞರು ೧೯೬೪ರಲ್ಲಿ ಇಂತಹ ವಾದ್ಯವನ್ನು ರೂಪಿಸಿದರು. ಅದರಲ್ಲಿ ಬಳಸಿದ ಕಾಲಂಗುಲ ದಪ್ಪದ ಪ್ಲಗ್ಗು ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಹುಟ್ಟಿದುದು. ಹಿಂದಿನ ದಿನಗಳಲ್ಲಿ ಟ್ರಂಕ್ ಕರೆಗಾಗಿ ಕಾದು ಕುಳಿತವರಿಗೆ, ಫಲಕದ ಮುಂದೆ ಕುಳಿತು ಒಂದು ರಂಧ್ರದಿಂದ ಇನ್ನೊಂದಕ್ಕೆ ತಂತಿ ಚುಚ್ಚುತ್ತಿದ್ದ ಆಪರೇಟರರ ಚಿತ್ರವು ನೆನಪಿರಬಹುದು. ಈ ವಾದ್ಯವನ್ನು ನುಡಿಸುವುದೆಂದರೆ ಬಹುಮಟ್ಟಿಗೆ ಅದೇ ಕೆಲಸ.

ಈ ವಾದ್ಯವು ನಮ್ಮ ದೇಶಕ್ಕೆ ಬಂದುದು ಬಹು ಬೇಗ. ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರನ್ನು ಸ್ಥಾಪಿಸಿಕೊಟ್ಟವರು ಅಮೆರಿಕದ ಡೇವಿಡ್ ಟ್ಯೂಡರ್. ಪಖವಾಜ್ ವಾದಕಿ ಗೀತಾ ಸಾರಾಭಾಯಿ ಮೊದಲಾದ ಭಾರತೀಯರು ಅಲ್ಲಿ ಕೃತಿಗಳನ್ನು ರಚಿಸಿದರು. ಆ ಧ್ವನಿಮುದ್ರಿಕೆಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿ ಮರೆಯಾಗಿದ್ದು, ೨೦೨೩ರಲ್ಲಿ ಸಂಕಲನವಾಗಿ ಹೊರಬಂದವು. ಟ್ಯೂಡರರ ವಿಚಾರಕ್ಕೆ ಮತ್ತೆ ಬರುತ್ತೇನೆ.

ಮನೆಯಲ್ಲಿ ಕಟ್ಟುವವರಿಗೆ ಇಂದು ಅನುಕೂಲವಾಗಿರುವುದು ಜರ್ಮನಿಯ ಡೀಟರ್ ಡೋಪ್ಫರ್ ೧೯೯೫ರಲ್ಲಿ ಬಳಕೆಗೆ ತಂದ ಯೂರೋರ‍್ಯಾಕ್ ಪದ್ಧತಿ. ಘಟಕದ ಎತ್ತರ ೧೨೮.೫ ಮಿಲಿಮೀಟರ್, ವಿದ್ಯುತ್ತು ಧನ ೧೨ ಹಾಗೂ ಋಣ ೧೨ ವೋಲ್ಟ್, ಪ್ಲಗ್ಗಿನ ದಪ್ಪ ೩.೫ ಮಿಲಿಮೀಟರ್. ಈ ಅಳತೆಗಳನ್ನು ಪಾಲಿಸಿದರೆ ಯಾರು ಕಟ್ಟಿದ ಘಟಕವಾದರೂ ಇತರ ಘಟಕಗಳ ಪಕ್ಕದಲ್ಲಿ ಕೂರುತ್ತದೆ.

ಮೊದಲ ಘಟಕವಾಗಿ ನಾದ ಹುಟ್ಟಿಸುವುದನ್ನು ಆರಿಸಿಕೊಳ್ಳಬಾರದು. ನಾಲ್ಕು ಜಾಕುಗಳ ತುದಿಗಳನ್ನು ಒಂದೇ ತಂತಿಯಿಂದಲೂ ಅವುಗಳ ನೆಲೆಗಳನ್ನು ಇನ್ನೊಂದರಿಂದಲೂ ಕೂಡಿಸಿದರೆ ‘ಮಲ್ಟಿಪಲ್’ ಸಿದ್ಧವಾಗುತ್ತದೆ. ಇದಕ್ಕೆ ವಿದ್ಯುತ್ ಸರಬರಾಜೇ ಬೇಡ. ಬಂದ ಒಂದು ಸಂಕೇತವನ್ನು ಮೂರು ಕಡೆಗೆ ಹಂಚುವುದು ಇದರ ಕೆಲಸ. ಭೌತಶಾಸ್ತ್ರವನ್ನು ಬೋಧಿಸುವ ಮಿತ್ರರಿಗೆ ಇದರಲ್ಲಿಯೇ ಒಂದು ಪಾಠವಿದೆ. ಒಂದು ನಿರ್ಗಮವನ್ನು ಹಲವು ಪ್ರವೇಶಗಳಿಗೆ ಹಂಚಬಹುದು. ಎರಡು ನಿರ್ಗಮಗಳನ್ನು ಹೀಗೆ ನೇರವಾಗಿ ಕೂಡಿಸಲಾಗದು. ಒಂದು ವೋಲ್ಟೇಜನ್ನು ಮೇಲಕ್ಕೆ ಎಳೆಯುವಾಗ ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಅವನ್ನು ಬೆರೆಸಲು ಮಿಕ್ಸರ್ ಘಟಕವೇ ಬೇಕು.

ಆಮೇಲೆ ನಾದ. ೪೦೧೦೬ ಎಂಬ ಅಗ್ಗದ ಐ.ಸಿ.ಯಲ್ಲಿ ಆರು ಸ್ಮಿಟ್ ಟ್ರಿಗರ್‌ಗಳಿವೆ. ಅವುಗಳಲ್ಲಿ ಒಂದಕ್ಕೆ ೧೦೦ ಕಿಲೋಓಮಿನ ರೆಸಿಸ್ಟರನ್ನೂ ೦.೦೧ ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಜೋಡಿಸಿದರೆ ಸೆಕೆಂಡಿಗೆ ಸುಮಾರು ಸಾವಿರ ಕಂಪನಗಳ ನಾದ ಹೊರಡುತ್ತದೆ. ನಾದವೇನೋ ಬಂದಿತು, ಆದರೆ ಅದು ಶ್ರುತಿಯಲ್ಲಿ ನಡೆಯಬೇಕಲ್ಲ! ವೋಲ್ಟೇಜು ೧ ವೋಲ್ಟ್ ಏರಿದರೆ ನಾದವು ಒಂದು ಸ್ಥಾಯಿ ಏರಬೇಕೆಂಬುದು ಇಲ್ಲಿನ ನಿಯಮ. ಹನ್ನೆರಡು ಸ್ವರಸ್ಥಾನಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ೮೩ ಮಿಲಿವೋಲ್ಟ್. ಸ್ಥಾಯಿ ಏರಿದಂತೆ ಕಂಪನಗಳು ಕೂಡುತ್ತ ಹೋಗುವುದಿಲ್ಲ, ಇಮ್ಮಡಿಯಾಗುತ್ತ ಹೋಗುತ್ತವೆ. ಈ ಗುಣವನ್ನು ಒದಗಿಸುವುದು ಟ್ರಾನ್ಸಿಸ್ಟರು. ಅದರ ಬೇಸ್ ಹಾಗೂ ಎಮಿಟರುಗಳ ನಡುವಣ ವೋಲ್ಟೇಜು ಸುಮಾರು ೧೮ ಮಿಲಿವೋಲ್ಟ್ ಏರಿದಾಗಲೆಲ್ಲ ಹರಿಯುವ ವಿದ್ಯುತ್ತು ಇಮ್ಮಡಿಯಾಗುತ್ತದೆ.

ತೊಡಕಿರುವುದು ಸೆಕೆಯಲ್ಲಿ. ಈ ೧೮ ಮಿಲಿವೋಲ್ಟ್ ಎಂಬುದು ಉಷ್ಣತೆಯನ್ನು ಅನುಸರಿಸಿ ಬದಲಾಗುತ್ತದೆ. ಕೋಣೆಯು ೩ ಡಿಗ್ರಿ ಬಿಸಿಯಾದರೆ ಶೇಕಡ ೧ರಷ್ಟು ವ್ಯತ್ಯಾಸ. ಎರಡು ಸ್ಥಾಯಿಗಳ ಅಂತರದಲ್ಲಿ ಅದು ಒಂದು ಸ್ವರಸ್ಥಾನದ ಕಾಲು ಭಾಗದಷ್ಟಾಗುತ್ತದೆ. ಸಂಗೀತ ಬಲ್ಲ ಕಿವಿ ಅದನ್ನು ಸಹಿಸದು. ಪರಿಹಾರಕ್ಕಾಗಿ ಒಂದೇ ಗುಣದ ಎರಡು ಟ್ರಾನ್ಸಿಸ್ಟರುಗಳನ್ನು ಮೈಗೆ ಮೈ ತಾಗಿಸಿ ಕೂರಿಸುತ್ತಾರೆ. ಬಿಸಿಯಾದಂತೆ ಅದೇ ಪ್ರಮಾಣದಲ್ಲಿ ಏರುವ ವಿಶೇಷ ರೆಸಿಸ್ಟರನ್ನು ಅವುಗಳಿಗೆ ಅಂಟಿಸುತ್ತಾರೆ. ಬೇಸಗೆಯಲ್ಲಿ ವೀಣೆಯ ಮೇಣದ ಮೇಳವನ್ನು ಕಾಪಾಡಿಕೊಳ್ಳುವವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುವುದು ಲೇಸು. ಘಟಕಕ್ಕೆ ವಿದ್ಯುತ್ತನ್ನು ತರುವ ಚಪ್ಪಟೆ ಕೇಬಲ್ಲಿನ ಅಂಚಿನಲ್ಲಿ ಕೆಂಪು ಗೆರೆಯಿರುತ್ತದೆ. ಕೆಂಪೆಂದರೆ ಧನವೆಂದು ನಾವು ಬಾಲ್ಯದಿಂದ ಕಲಿತಿದ್ದೇವೆ. ಇಲ್ಲಿ ಅದು ಋಣ ೧೨ ವೋಲ್ಟಿನ ಗುರುತು! ಅದನ್ನರಿಯದೆ ತಿರುಗಿಸಿ ಚುಚ್ಚಿ, ಮೂರು ಸಂಜೆಗಳ ಶ್ರಮವನ್ನು ಒಂದು ಕ್ಷಣದಲ್ಲಿ ಸುಟ್ಟುಕೊಂಡೆ. ಎರಡು ಡಯೋಡುಗಳನ್ನು ದಾರಿಯಲ್ಲಿ ಕೂರಿಸಿದ್ದರೆ ಈ ಹಾನಿ ತಪ್ಪುತ್ತಿತ್ತು. ಅಂದಿನಿಂದ ಡಯೋಡಿಲ್ಲದೆ ಯಾವ ಘಟಕವನ್ನೂ ಕಟ್ಟಿಲ್ಲ.

ಇನ್ನು ತಂತಿಗಳು. ಹತ್ತು ಘಟಕಗಳ ಸಣ್ಣ ಪೆಟ್ಟಿಗೆಗೂ ಮೂವತ್ತು ತಂತಿಗಳು ಬೇಕಾಗುತ್ತವೆ. ಅವನ್ನು ಒಂದು ಡಬ್ಬಿಗೆ ತುಂಬಿಟ್ಟರೆ ಮರುದಿನ ಸಿಗುವುದು ಸಿಕ್ಕುಗಟ್ಟಿದ ಜಡೆ. ಗೋಡೆಗೆ ಒಂದು ಹಲಗೆ ಹೊಡೆದು, ಪ್ಲಗ್ಗಿನ ತಲೆ ನಿಲ್ಲುವಷ್ಟು ಸಂದುಗಳನ್ನು ಬಾಚಣಿಗೆಯಂತೆ ಕೊರೆದು, ಉದ್ದಕ್ಕೆ ಅನುಸಾರವಾಗಿ ನೇತು ಹಾಕುವುದು ಉತ್ತಮ. ಬಣ್ಣದ ವಿಷಯದಲ್ಲಿ ಎರಡು ಪಂಥಗಳಿವೆ: ಉದ್ದಕ್ಕೊಂದು ಬಣ್ಣವೆಂಬುದು ಒಂದು, ಕೆಲಸಕ್ಕೊಂದು ಬಣ್ಣವೆಂಬುದು ಇನ್ನೊಂದು. ನಾನು ಎರಡನೆಯದರ ಪಕ್ಷದವನು. ನಾದವನ್ನು ಒಯ್ಯುವುದು ಕಪ್ಪು, ನಿಯಂತ್ರಣದ ವೋಲ್ಟೇಜನ್ನು ಒಯ್ಯುವುದು ಹಳದಿ, ತಾಳದ ಸಂಕೇತವನ್ನು ಒಯ್ಯುವುದು ಕೆಂಪು. ದೋಷ ಬಂದಾಗ ಕಣ್ಣೇ ದಾರಿ ಹುಡುಕುತ್ತದೆ. ಕೀಳುವಾಗ ತಂತಿಯನ್ನಲ್ಲ, ಪ್ಲಗ್ಗನ್ನು ಹಿಡಿಯಬೇಕು. ಸಂಶಯವಿರುವ ತಂತಿಯನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಮುರಿದುದನ್ನು ‘ಆಮೇಲೆ ನೋಡೋಣ’ ಎಂದು ಮತ್ತೆ ಹಲಗೆಗೆ ನೇತು ಹಾಕಕೂಡದು.

ಎಲ್ಲಕ್ಕಿಂತ ಮುಖ್ಯವಾದುದು ಬರೆದಿಡುವುದು. ಇಲ್ಲಿ ಟ್ಯೂಡರರ ವಿಚಾರ. ಅವರು ತಮ್ಮ ಸಂಗೀತಕ್ಕಾಗಿ ಸಣ್ಣ ಸಣ್ಣ ವಿದ್ಯುನ್ಮಾನ ಪೆಟ್ಟಿಗೆಗಳನ್ನು ಸ್ವತಃ ಕಟ್ಟುತ್ತಿದ್ದರು. ಮೇಜಿನ ತುಂಬ ಅವನ್ನು ಹರಡಿ, ತಂತಿಗಳಿಂದ ಕೂಡಿಸಿ ನುಡಿಸುತ್ತಿದ್ದರು. ೧೯೯೬ರಲ್ಲಿ ಅವರು ತೀರಿಕೊಂಡರು. ಪೆಟ್ಟಿಗೆಗಳು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯವನ್ನು ಸೇರಿದವು. ಆದರೆ ಯಾವುದರಿಂದ ಯಾವುದಕ್ಕೆ ತಂತಿ ಹೋಗುತ್ತಿತ್ತು? ಪೆಟ್ಟಿಗೆ ಅದನ್ನು ಹೇಳದು. ಯೂ ನಕಾಯಿ ಎಂಬ ವಿದ್ವಾಂಸರು ಪೆಟ್ಟಿಗೆಗಳನ್ನೂ ಟ್ಯೂಡರ್ ಬಿಟ್ಟುಹೋದ ರೇಖಾಚಿತ್ರಗಳನ್ನೂ ತಾಳೆ ನೋಡಿ, ಆ ಒಗಟನ್ನು ಬಿಡಿಸುವುದಕ್ಕಾಗಿ ೨೦೨೧ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ರೇಖಾಚಿತ್ರಗಳೂ ಇಲ್ಲದಿದ್ದರೆ ಆ ಕಾರ್ಯಕ್ಕೆ ಆಧಾರವೆಲ್ಲಿತ್ತು?

ಅದಕ್ಕೆಂದೇ ನನ್ನ ಮೇಜಿನ ಮೇಲೆ ಒಂದು ನೋಟುಬುಕ್ಕಿದೆ. ಪ್ರತಿ ಪುಟದಲ್ಲಿಯೂ ಘಟಕಗಳ ಖಾಲಿ ಚಿತ್ರವನ್ನು ಮೊದಲೇ ಬರೆದಿಟ್ಟಿರುತ್ತೇನೆ. ನಾದ ಮನಸ್ಸಿಗೆ ಹಿಡಿಸಿದ ಸಂಜೆ ಅದರ ಮೇಲೆ ತಂತಿಗಳ ದಾರಿಯನ್ನು ಬಣ್ಣದ ಪೆನ್ಸಿಲಿನಿಂದ ಎಳೆದು, ಗುಂಡಿಗಳು ನಿಂತ ಸ್ಥಾನವನ್ನು ಗಡಿಯಾರದ ಮುಳ್ಳಿನಂತೆ ಗುರುತಿಸಿ, ತಾರೀಖು ಹಾಕುತ್ತೇನೆ. ತಂತಿಗಳನ್ನು ಬಿಚ್ಚಿ ಹಲಗೆಗೆ ನೇತು ಹಾಕುವುದು ಆಮೇಲೆ.