ಕ್ರಿಸ್ಮಸ್ ಹಬ್ಬದಲ್ಲಿ ಅಜ್ಜಿಯ ಪಾಲು

(ಓದತಕ್ಕ ವೇದಭಾಗಗಳು: ಲೂಕ 2:1–7, 22–38, ರೂತಳು 4:13–17, 1 ತಿಮೊಥೆಯ 5:4)



ದಶಂಬರ ತಿಂಗಳು ಬಂತೆಂದರೆ ನಮ್ಮ ಹಳ್ಳಿಗಳ ಕ್ರೈಸ್ತರ ಮನೆಗಳಲ್ಲಿ ಕೆಲಸವು ಕೈಮೀರುವದು. ಗೋಡೆಗೆ ಸುಣ್ಣ ಬಳಿಯಬೇಕು, ನೆಲ ಸಾರಿಸಬೇಕು, ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಬೇಕು, ಮಕ್ಕಳಿಗೆ ಹೊಸ ಬಟ್ಟೆ ಹೊಲಿಸಬೇಕು, ಕರ್ಚಿಕಾಯಿ ಚಕ್ಕುಲಿಗಳನ್ನು ಕರಿಯಬೇಕು. ಇದರಲ್ಲಿ ಅರ್ಧ ಕೆಲಸವಾದರೂ ಮನೆಯ ಅಜ್ಜಿಯ ಕೈಯಿಂದಲೇ ಆಗುವದೆಂದು ಎಲ್ಲರೂ ಬಲ್ಲರು. ಆದರೆ ಹಬ್ಬದಲ್ಲಿ ಆಕೆಗೆ ಸಿಕ್ಕುವ ಪಾಲು ಯಾವದೆಂದು ವಿಚಾರಿಸಿದವರುಂಟೋ? ನಾವಂತೂ ಬಹುಕಾಲ ವಿಚಾರಿಸಲಿಲ್ಲ. ನಮಗೆ ಅದನ್ನು ಕಲಿಸಿದವಳು ಓದುಬರಹವಿಲ್ಲದ ಒಬ್ಬ ಮುದುಕಿ.

ಕೆಲವು ವರುಷಗಳ ಹಿಂದೆ ಗದಗ ಸೀಮೆಯ ಒಂದು ಹಳ್ಳಿಗೆ ಹಬ್ಬದ ಆರಾಧನೆ ನಡಿಸುವದಕ್ಕಾಗಿ ಹೋಗಿ, ಸಭೆಯವರೊಬ್ಬರ ಮನೆಯಲ್ಲಿ ಮೂರು ದಿವಸ ಇಳುಕೊಂಡೆವು. ಯಜಮಾನನೂ ಅವನ ಹೆಂಡತಿಯೂ ಮಕ್ಕಳೂ ದೀಕ್ಷಾಸ್ನಾನ ಹೊಂದಿದವರು. ಯಜಮಾನನ ತಾಯಿಯು ಮಾತ್ರ ತನ್ನ ಹಿರಿಯರ ಮತದಲ್ಲಿಯೇ ಇದ್ದಳು. ಮೊಮ್ಮಕ್ಕಳು ಆಕೆಯನ್ನು ಆಯಿ ಎಂದು ಕರೆಯುತ್ತಿದ್ದರು. ಹಬ್ಬದ ಹಿಂದಿನ ರಾತ್ರಿ ಮಕ್ಕಳೆಲ್ಲರೂ ಮಲಗಿದ ಮೇಲೆಯೂ ಆಯಿಯು ಒಲೆಯ ಮುಂದೆ ಕೂತು ಕರ್ಚಿಕಾಯಿ ಕರಿಯುತ್ತಿದ್ದಳು. ಎಣ್ಣೆಯ ಸಪ್ಪಳವನ್ನು ಕೇಳುತ್ತಲೇ ನಾವು ನಿದ್ದೆಹೋದೆವು. ಮುಂಜಾನೆ ಎಲ್ಲರೂ ಹೊಸ ಬಟ್ಟೆ ತೊಟ್ಟು ದೇವಾಲಯಕ್ಕೆ ಹೊರಟಾಗ ಆಯಿಯು ಹಳೆಯ ಸೀರೆಯಲ್ಲಿಯೇ ಎಮ್ಮೆಗೆ ಮೇವು ಹಾಕುತ್ತಾ ಮನೆ ಕಾಯುವದಕ್ಕೆ ನಿಂತಳು. ಮಧ್ಯಾಹ್ನ ಊಟಕ್ಕೆ ಕೂತು ಕರ್ಚಿಕಾಯಿ ಬಹಳ ರುಚಿಯಾಗಿದೆಯೆಂದು ನಾವು ಸೊಸೆಯನ್ನು ಹೊಗಳಿದೆವು. ಅವಳು ತಲೆ ತಗ್ಗಿಸಿ ಸುಮ್ಮನಾದಳು.

ಆಯಿಗೇಕೆ ಸೀರೆ ತರಲಿಲ್ಲವೆಂದು ಮಗನನ್ನು ಕೇಳಿದಾಗ ಅವನು, "ಆಕೆ ನಮ್ಮ ಹಬ್ಬದವಳಲ್ಲವಲ್ಲಾ, ಅಯ್ಯನವರೇ. ಕೊಟ್ಟರೆ ಬೇಡವೆಂದಾಳು" ಎಂದನು. ಕೊಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅವನು ಕೆಟ್ಟವನಲ್ಲ, ತಾಯಿಯನ್ನು ಬೈದವನೂ ಅಲ್ಲ. ಆಕೆಯು ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವವಳಾದದರಿಂದ ಕ್ರಿಸ್ಮಸ್ ಆಕೆಗೆ ಸಂಬಂಧಪಟ್ಟದ್ದಲ್ಲವೆಂದು ತಿಳಿದಿದ್ದನು, ಅಷ್ಟೇ. ಆದರೆ ಹಿಟ್ಟು ನಾದುವಾಗ ಸಂಬಂಧವಿತ್ತು, ಊಟಕ್ಕೆ ಕೂಡ್ರುವಾಗ ಇಲ್ಲವಾಯಿತು.

ಮೂರನೆಯ ದಿನ ಸಾಯಂಕಾಲ ಆಯಿಯು ತಾನಾಗಿಯೇ ನಮ್ಮನ್ನು ಮಾತಾಡಿಸಿದಳು. "ತಮ್ಮಾ, ನಿಮ್ಮ ದೇವರು ದನದ ಗೋದಲಿಯಲ್ಲಿ ಮಲಗಿದ್ದನಂತೆ, ಮೊಮ್ಮಗಳು ಹೇಳಿದಳು. ಹೆರಿಗೆ ಮಾಡಿಸಿದವರು ಯಾರು? ನೀರು ಕಾಸಿದವರು ಯಾರು?" ಎಂದು ಕೇಳಿದಳು. ಯೋಸೇಫನು ಜೊತೆಯಲ್ಲಿದ್ದನೆಂದು ನಾವು ಹೇಳಲಾಗಿ ಆಕೆಯು ನಕ್ಕು, "ಗಂಡಸಿಗೆ ಏನು ತಿಳಿದೀತು? ಆ ಹುಡುಗಿಗೆ ತಾಯಿ ಇರಲಿಲ್ಲವೋ? ಅತ್ತೆ ಇರಲಿಲ್ಲವೋ? ಚೊಚ್ಚಲು ಹೆರಿಗೆಗೆ ಒಬ್ಬಳೂ ಹಿರಿಯಳು ಹತ್ತಿರ ಇಲ್ಲದೆ ಹೋದಳೋ?" ಎಂದಳು. ಎಷ್ಟೋ ವರುಷ ಈ ಅಧ್ಯಾಯದ ಮೇಲೆ ಪ್ರಸಂಗ ಮಾಡಿದ ನಮಗೆ ಉತ್ತರ ಬರಲಿಲ್ಲ.

ಆ ರಾತ್ರಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ತೆರೆದು, ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದೆವು. ವಾಚಕರೂ ಹಾಗೆಯೇ ಓದಿ ನೋಡಲಿ. ಔಗುಸ್ತ ಚಕ್ರವರ್ತಿಯ ಖಾನೇಷುಮಾರಿಯ ಆಜ್ಞೆಯಿಂದ ಮರಿಯಳು ನಜರೇತನ್ನು ಬಿಟ್ಟು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ನಡೆದು ಬೇತ್ಲೆಹೇಮಿಗೆ ಬರಬೇಕಾಯಿತು. ಕೊಟ್ಟಿಗೆಯೆಂಬ ಮಾತು ಲೂಕನಲ್ಲಿಲ್ಲ. ಗೋದಲಿಯೆಂದು ಮಾತ್ರ ಉಂಟು. ಸೂಲಗಿತ್ತಿಯ ಸುದ್ದಿಯಿಲ್ಲ, ಮರಿಯಳ ತಾಯಿಯ ಹೆಸರು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿದವಳೂ ಗೋದಲಿಯಲ್ಲಿ ಮಲಗಿಸಿದವಳೂ ಹಡೆದವಳೇ ಎಂದು ಬರೆದದೆ. ನಮ್ಮ ನಾಡಿನಲ್ಲಿ ಯಾವ ಬಾಣಂತಿ ಹೆತ್ತ ಗಳಿಗೆಯಲ್ಲಿಯೇ ಈ ಕೆಲಸಕ್ಕೆ ಏಳುವಳು? ಅಜ್ಜಿಯ ಕೈಗಳು ಮಾಡತಕ್ಕದ್ದನ್ನು ಆಕೆಯೇ ಮಾಡಿಕೊಂಡಳು. ಕರ್ತನ ಬಡತನವನ್ನು ಕುರಿತು ನಾವು ಬಹಳ ಮಾತಾಡುತ್ತೇವೆ. ಅಜ್ಜಿಯಿಲ್ಲದ ಬಡತನವೂ ಅದರಲ್ಲಿ ಸೇರಿತ್ತೆಂಬದು ಆಯಿಗೆ ಕಂಡಿತು, ನಮಗೆ ಕಂಡಿರಲಿಲ್ಲ.

ಮುಂದಿನ ಮಾತೂ ಅದೇ ಅಧ್ಯಾಯದಲ್ಲಿದೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಗಂಡುಕೂಸನ್ನು ಹೆತ್ತವಳ ಶುದ್ಧೀಕರಣಕ್ಕೆ 40 ದಿನಗಳಾಗಬೇಕು. ಆ ದಿನಗಳು ತೀರಿದ ಮೇಲೆ ಅವರು ಯೆರೂಸಲೇಮಿನ ದೇವಾಲಯಕ್ಕೆ ಕೂಸನ್ನು ತಂದರು. ಬಡವರಿಗಾಗಿ ಗೊತ್ತುಮಾಡಿದ ಜೋಡಿ ಹಕ್ಕಿಗಳೇ ಅವರ ಕಾಣಿಕೆ. ಅಲ್ಲಿ ಅನ್ನಳೆಂಬ ಮುದುಕಿ ಎದುರಿಗೆ ಬಂದಳು. ಏಳು ವರುಷ ಮಾತ್ರ ಸಂಸಾರ ಮಾಡಿ ಗಂಡನನ್ನು ಕಳಕೊಂಡವಳು, ವಯಸ್ಸು 84. (ವಿಧವೆಯಾಗಿದ್ದ ಕಾಲವೇ 84 ವರುಷವೆಂದು ಅರ್ಥಮಾಡುವವರೂ ಉಂಟು.) ಆಕೆಗೆ ಮಕ್ಕಳಿದ್ದರೋ ಇಲ್ಲವೋ, ಲೂಕನು ಬರೆಯಲಿಲ್ಲ. ಆದರೆ ಆ ಕೂಸಿಗೋಸ್ಕರ ದೇವರನ್ನು ಕೊಂಡಾಡಿ, ಬಿಡುಗಡೆಗಾಗಿ ಕಾದಿದ್ದವರೆಲ್ಲರ ಸಂಗಡ ಅದರ ವಿಷಯ ಮಾತಾಡಿದವಳು ಆಕೆಯೇ. ನಮ್ಮ ಊರುಗಳಲ್ಲಿಯೂ ಕೂಸು ಹುಟ್ಟಿದ ಸುದ್ದಿಯನ್ನು ಓಣಿಯಲ್ಲೆಲ್ಲಾ ಹೇಳುತ್ತಾ ತಿರುಗುವವಳು ಅಜ್ಜಿಯಲ್ಲವೇ?

ಇನ್ನು ಅದೇ ಬೇತ್ಲೆಹೇಮಿನಲ್ಲಿ ಬಹುಕಾಲ ಮುಂಚೆ ಇದ್ದ ಒಬ್ಬ ಅಜ್ಜಿಯನ್ನು ನೋಡೋಣ. ಬರಗಾಲದ ದೆಸೆಯಿಂದ ಎಲೀಮೆಲೆಕನು ಹೆಂಡತಿಯಾದ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರಕೊಂಡು ಮೋವಾಬ್ ದೇಶಕ್ಕೆ ಗುಳೆ ಹೋದನು. ಅಲ್ಲಿ ಗಂಡನು ಸತ್ತನು. ಸುಮಾರು ಹತ್ತು ವರುಷಗಳೊಳಗೆ ಮಕ್ಕಳಿಬ್ಬರೂ ಸತ್ತರು. ಅನ್ಯಮತದಲ್ಲಿ ಹುಟ್ಟಿ ಬೆಳೆದ ಸೊಸೆಯೊಬ್ಬಳ ಹೊರತು ಯಾರೂ ಇಲ್ಲದೆ ನೊವೊಮಿಯು ಜವೆಗೋದಿಯ ಸುಗ್ಗಿಯ ಮೊದಲಲ್ಲಿ ಊರಿಗೆ ತಿರುಗಿ ಬಂದಳು. ಊರ ಹೆಂಗಸರು ಹೆಸರು ಹಿಡಿದು ಕರೆದಾಗ ಆ ಹೆಸರು ಬೇಡ, ನಾನು ಕಹಿಯಾದವಳು ಎಂದಳು. ಗುಳೆ ಹೋಗಿ ಬರಿಗೈಯಲ್ಲಿ ಬಂದವರನ್ನು ಕಂಡಿರುವ ನಮ್ಮ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಸೊಸೆಯು ಹಕ್ಕಲಾಯ್ದು ತಂದ ಕಾಳಿನಿಂದ ಅತ್ತೆಯನ್ನು ಸಾಕಿದಳು. ಆಮೇಲೆ ಬೋವಜನಿಂದ ರೂತಳಿಗೆ ಮಗನು ಹುಟ್ಟಲು, ನೊವೊಮಿಯು ಆ ಕೂಸನ್ನು ಎತ್ತಿ ಮಡಿಲಲ್ಲಿಟ್ಟು ಸಾಕುವವಳಾದಳು. ನೊವೊಮಿಗೆ ಮಗನು ಹುಟ್ಟಿದನೆಂದು ನೆರೆಯ ಹೆಂಗಸರು ಹೇಳಿ ಓಬೇದನೆಂದು ಹೆಸರಿಟ್ಟರು. ಅವನು ಇಷಯನ ತಂದೆ, ದಾವೀದನ ಅಜ್ಜ. ಮತ್ತಾಯನ ಮೊದಲನೆಯ ಅಧ್ಯಾಯದ ವಂಶಾವಳಿಯಲ್ಲಿ ಬೋವಜನೂ ರೂತಳೂ ಓಬೇದನೂ ಇದ್ದಾರೆ. ನೊವೊಮಿಯ ಹೆಸರಿಲ್ಲ. ಮಡಿಲಿಗೆ ವಂಶಾವಳಿಯಲ್ಲಿ ಸ್ಥಳವಿಲ್ಲವೆಂದು ತೋರುತ್ತದೆ. ಆದರೂ ಕೂಸು ಬೆಳೆದದ್ದು ಅಲ್ಲಿಯೇ. ಇವರಿಬ್ಬರು ಒಂದೇ ಮನೆಯಲ್ಲಿ ಬಾಳಿದ ಮೊದಲ ದಿನ ಅತ್ತೆಯ ಮತವೊಂದು, ಸೊಸೆಯು ಹುಟ್ಟಿದ ಮತವೊಂದು ಆಗಿತ್ತೆಂಬದನ್ನು ನಮ್ಮ ಸಭೆಗಳವರು ಮರೆಯದಿರಲಿ.

ಹಳೆಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಬಾಸೆಲ್ ಮಿಶನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸವನ್ನು ಆರಂಭಿಸಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವನಿಗೆ ಕುಲದವರು ಬಾಗಿಲು ಮುಚ್ಚುವದು ಸಾಮಾನ್ಯವಾಗಿತ್ತು. ಬಿಟ್ಟುಬಂದವನ ಹಿಂದೆ ತಾಯಿಯು ಉಳಿದಳು. ಹೀಗೆ ಮೊದಲಿನ ಸಭೆಗಳ ಎಷ್ಟೋ ಮಕ್ಕಳು ಅಜ್ಜಿಯ ಮಡಿಲನ್ನು ಕಾಣದೆ ಬೆಳೆದರು. ಅವರ ಕ್ರಿಸ್ಮಸ್ಸಿನಲ್ಲಿ ಹಾಡಿತ್ತು, ದೀಪವಿತ್ತು. ಮೂಲೆಯಲ್ಲಿ ಕೂತು ಕಥೆ ಹೇಳುವವಳು ಇರಲಿಲ್ಲ. ಈಗ ತಾಯಿಯು ಮಗನ ಮನೆಯಲ್ಲಿಯೇ ಇರುವಾಗ ಹಬ್ಬದ ದಿನ ನಾವಾಗಿಯೇ ಆಕೆಯನ್ನು ಹಿತ್ತಲಿನಲ್ಲಿ ನಿಲ್ಲಿಸಿದರೆ, ಅಂದು ಕುಲದವರು ಮುಚ್ಚಿದ ಬಾಗಿಲನ್ನು ಇಂದು ನಾವು ಮುಚ್ಚಿದ ಹಾಗಾಗದೋ?

ಹೊಸ ಒಡಂಬಡಿಕೆಯ ಮೂಲಭಾಷೆಯಲ್ಲಿ ಅಜ್ಜಿಯೆಂಬ ಶಬ್ದವು ಒಂದೇ ಸಾರಿ, ತಿಮೊಥೆಯನ ಅಜ್ಜಿಯಾದ ಲೋವಿಯನ್ನು ಕುರಿತು ಬಂದಿದೆ. ಆಕೆಯ ನಂಬಿಕೆಯು ಮೊಮ್ಮಗನಿಗೆ ಇಳಿಯಿತು. ನಂಬದಿರುವ ಅಜ್ಜಿಗೆ ಏನು ಮಾಡತಕ್ಕದ್ದು ಎಂದು ಕೇಳುವವರು 1 ತಿಮೊಥೆಯ 5:4 ನ್ನು ನೋಡಲಿ. ವಿಧವೆಗೆ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಇದ್ದರೆ ಅವರು ಹಿರಿಯರಿಗೆ ಪ್ರತ್ಯುಪಕಾರ ಮಾಡುವದನ್ನು ಮೊದಲು ಕಲಿಯಲಿ ಎಂಬದೇ ಅಲ್ಲಿಯ ತಾತ್ಪರ್ಯ. ಆಕೆಯ ಮತ ಯಾವದೆಂದು ಆ ವಚನವು ಕೇಳುವದಿಲ್ಲ. ನಮ್ಮ ದೇಶದಲ್ಲಿ ತಂದೆತಾಯಿಗಳ ಮತ್ತು ಹಿರಿಯರ ಪೋಷಣೆಯ ವಿಷಯವಾಗಿ 2007ರಲ್ಲಿ ಆದ ಕಾಯಿದೆಯೂ ಪ್ರಾಯಕ್ಕೆ ಬಂದ ಮೊಮ್ಮಕ್ಕಳನ್ನು ಈ ಭಾರಕ್ಕೆ ಸೇರಿಸಿದೆ. ಆದರೆ ಅನ್ನವಸ್ತ್ರಗಳ ಮಟ್ಟಿಗೆ ಕಾಯಿದೆ ಸಾಕು; ಹಬ್ಬಕ್ಕೆ ಕರೆಯುವದನ್ನು ಯಾವ ಕಾಯಿದೆಯೂ ಮಾಡಿಸಲಾರದು.

ಕರೆಯುವದೆಂದರೆ ಬಲವಂತ ಮಾಡುವದಲ್ಲ. ಆಕೆಯನ್ನು ದೇವಾಲಯಕ್ಕೆ ಎಳಕೊಂಡು ಹೋಗುವದರಿಂದಾಗಲಿ, ಆಕೆಯ ಆಚಾರಗಳನ್ನು ಮಕ್ಕಳ ಮುಂದೆ ಹಾಸ್ಯ ಮಾಡುವದರಿಂದಾಗಲಿ ಯಾರಿಗೂ ಲಾಭವಿಲ್ಲ. ಸೀರೆ ತರುವಾಗ ಆಕೆಗೂ ಒಂದು ತರಲಿ. ಮೊದಲಿನ ಎಡೆ ಆಕೆಗೆ ಬಡಿಸಲಿ. ಆಗಮನ ಕಾಲದ ನಾಲ್ಕು ಭಾನುವಾರಗಳ ಸಾಯಂಕಾಲ ಕುಟುಂಬ ಪ್ರಾರ್ಥನೆಯನ್ನು ಆಕೆ ಕೂಡ್ರುವ ಕಡೆಯಲ್ಲಿಯೇ ಇಟ್ಟುಕೊಂಡು, ಓದಬಲ್ಲ ಮೊಮ್ಮಕ್ಕಳಿಂದ ಮೇಲೆ ಹೇಳಿದ ಭಾಗಗಳನ್ನು ನಿಧಾನವಾಗಿ ಓದಿಸಲಿ. ಆಕೆ ಪ್ರಶ್ನೆ ಕೇಳಿದರೆ ತಡೆಯಬಾರದು. ಪಟ್ಟಣಕ್ಕೆ ದುಡಿಯಲು ಹೋದ ಮಕ್ಕಳು ಹಬ್ಬದ ದಿನ ಮೊಬೈಲಿನಲ್ಲಿ ಕರೆದಾಗ ಮೊದಲು ಆಕೆಯ ಕೈಗೆ ಕೊಡಲಿ. ಕಿವಿ ಮಂದವಾದದರಿಂದ ಹೊತ್ತು ಹಿಡಿಯುವದು, ಹಿಡಿಯಲಿ.

ಮಾರನೆಯ ವರುಷ ನಾವು ಅದೇ ಹಳ್ಳಿಗೆ ಹೋದಾಗ ಆಯಿಯ ಮೈಮೇಲೆ ಹಸುರು ಇಳಕಲ್ ಸೀರೆ ಇತ್ತು. ದೇವಾಲಯಕ್ಕೆ ಆಕೆ ಬರಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವದನ್ನೂ ಬಿಟ್ಟಿರಲಿಲ್ಲ. ಸಾಯಂಕಾಲ ಪಡಸಾಲೆಯಲ್ಲಿ ಆಕೆಯ ಪಕ್ಕದಲ್ಲಿ ಕೂತು ಹತ್ತು ವರುಷದ ಮೊಮ್ಮಗಳು ಲೂಕನ ಎರಡನೆಯ ಅಧ್ಯಾಯವನ್ನು ಬೆರಳಿಟ್ಟು ಓದಿದಳು. ಗೋದಲಿಯ ಮಾತು ಬಂದಾಗ ಆಯಿಯು ಕೈಯೆತ್ತಿ ನಿಲ್ಲಿಸಿ, "ಬರೀ ಹುಲ್ಲು ಕೂಸಿಗೆ ಚುಚ್ಚುತ್ತದೆ. ಮೇಲೆ ನನ್ನ ಹಳೇ ಸೀರೆ ಮಡಚಿ ಹಾಸಬೇಕಾಗಿತ್ತು" ಎಂದು ಹೇಳಿ, ಮುಂದೆ ಓದೆಂದು ಸನ್ನೆ ಮಾಡಿದಳು.