ಚೈನ್‌ಸಾಗೆ ಬಿಗ್ ಬೋರ್ ಕಿಟ್: ಕಾರ್ಬುರೇಟರ್ ಮರೀಬೇಡಿ

ನನ್ನ ಸ್ಟಿಲ್ ಎಂಎಸ್ 660 ಚೈನ್‌ಸಾದ 54 ಮಿ.ಮೀ. ಸಿಲಿಂಡರ್ ತೆಗೆದು 56ರ ಕಿಟ್ ಹಾಕಿದೆ. 91.6 ಸಿಸಿ ಇದ್ದದ್ದು 98.5 ಆಯ್ತು. ಕಾರ್ಬುರೇಟರ್ ಮಾತ್ರ ಮುಟ್ಟಲಿಲ್ಲ. ಎರಡನೇ ಟ್ಯಾಂಕಿಗೇ ಪಿಸ್ಟನ್ ಸೀಜ್!

ಕಾರಣ ಇಷ್ಟೇ: ದೊಡ್ಡ ಸಿಲಿಂಡರ್ ಹೆಚ್ಚು ಗಾಳಿ ಎಳೆಯುತ್ತೆ. ಪೆಟ್ರೋಲ್ ಸಾಲದಿದ್ದರೆ ಅದರಲ್ಲಿರೋ ಆಯಿಲೂ ಸಾಲಲ್ಲ, ಬಿಸಿ ಏರುತ್ತೆ.

ಎರಡನೇ ಸಲ ಹೀಗೆ ಮಾಡಿದೆ:

1. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿಟ್ಟೆ. ರಿಂಗಿನ ತುದಿಗಳು ಪಿನ್ನಿಗೆ ಸರಿಯಾಗಿ ಕೂತಿವೆಯಾ ನೋಡಿದೆ.
2. ರಿಂಗ್ ಸಿಕ್ಕಿಕೊಳ್ಳದಂತೆ ಪೋರ್ಟಿನ ಚೂಪು ಅಂಚು ಉಜ್ಜಿದೆ.
3. ಎಚ್ ಸ್ಕ್ರೂ ಎಡಕ್ಕೆ ಸ್ವಲ್ಪ ಬಿಚ್ಚಿದೆ. ಖಾಲಿ ರೇಸ್‌ನಲ್ಲಿ ಬುರ್‌ಬುರ್ ಅನ್ನಬೇಕು, ಮರಕ್ಕಿಟ್ಟಾಗ ಸದ್ದು ಸಾಫಾಗಬೇಕು. ಕಿರುಚಿದರೆ ತಕ್ಷಣ ನಿಲ್ಲಿಸಿ.

ಒಂದು ಮಾತು: ಚೈನ್ ಮೊಂಡಾಗಿದ್ದರೆ ಯಾವ ಕಿಟ್ಟೂ ಕೊಯ್ಯಲ್ಲ. ಮೊದಲು ಅರ ಹಿಡೀರಿ.